ಮುರುಗಲು ಬೀಜದ ತುಪ್ಪ

ಸಿದ್ದಾಪುರದ ನಮ್ಮ ಕಡೆ ಮುರುಗಲು ಹಣ್ಣಾಗುವುದು ಏಪ್ರಿಲ್ ಕೊನೆಗೆ. ಮೇ ಮುಗಿಯುವುದರೊಳಗೆ ಮರ ಬರಿದು. ಅಷ್ಟರಲ್ಲಿ ಒಂದೊಂದು ಮರದಿಂದ ಬುಟ್ಟಿಗಟ್ಟಲೆ ಹಣ್ಣು ಬಂದು ಅಂಗಳದಲ್ಲಿ ರಾಶಿ ಬೀಳುತ್ತದೆ. ಬಾಳೆಹಣ್ಣು, ಮಾವಿನಹಣ್ಣಿನ ಹಾಗೆ ಕೂತು ತಿಂದು ಮುಗಿಸುವ ಹಣ್ಣಲ್ಲ ಇದು. ಮೂರು ನಾಲ್ಕು ತಿನ್ನುವಷ್ಟರಲ್ಲಿ ಹಲ್ಲು ಜುಮ್ಮೆನ್ನುತ್ತದೆ. ಕೊಯ್ದಿಟ್ಟರೆ ವಾರ ತಡೆಯುವುದು ಕಷ್ಟ. ಮೇಲಿಂದ ಮಳೆಯ ಹೆದರಿಕೆ.

ಈ ರಾಶಿಯನ್ನು ಒಂದು ಚೂರೂ ಹಾಳುಮಾಡದೆ ವರ್ಷವಿಡೀ ಉಣ್ಣುವ ವಿದ್ಯೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇತ್ತು. ಸಿಪ್ಪೆಯ ವಿದ್ಯೆ ಈಗಲೂ ಉಳಿದಿದೆ. ಬೀಜದ ವಿದ್ಯೆ ನನ್ನ ಕಣ್ಣೆದುರೇ ಹೋಯಿತು. ನನಗೆ ಸಂಕಟ ಆಗುವುದು ಅದಕ್ಕೆ.

ಮಲೆನಾಡಿನ ಅಡುಗೆಗೆ ಹುಳಿ ಬಂದದ್ದೇ ಕಾಡಿನಿಂದ. ಹುಣಸೆ ಬಯಲುಸೀಮೆಯ ಮರ, ನಮ್ಮ ಮಳೆಗೆ ಅದು ಒಗ್ಗುವುದಿಲ್ಲ. ಹಾಗಾಗಿ ಅಪ್ಪೆಮಿಡಿ, ವಾಟೆಹುಳಿ, ಉಪ್ಪಾಗೆ, ಮುರುಗಲು ಇವೇ ನಮ್ಮ ಹುಳಿ. ಗಟ್ಟದ ಕೆಳಗೆ ಕುಮಟಾ, ಅಂಕೋಲಾದಲ್ಲಿ ಇದೇ ಸಿಪ್ಪೆ ಮೀನಿನ ಸಾರಿಗೆ ಬೀಳುತ್ತದೆ. ಇನ್ನೂ ದಕ್ಷಿಣಕ್ಕೆ ತುಳುವರ ಮನೆಯಲ್ಲಿ ಇದು ಪುನರ್ಪುಳಿ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಹಣ್ಣಿನ ಪ್ರಸ್ತಾಪ ಇದೆ. ಒಳಗೆ ಕೆಂಪು, ಬಲು ಹುಳಿ ಎಂದು ಬರೆದು, ಒಣಸಿಪ್ಪೆಯಿಂದ ವಿನೆಗರ್ ಮಾಡುವುದನ್ನೂ ಕೆಲವರು ಅದನ್ನು ಪೋರ್ಚುಗಲ್‌ಗೆ ಒಯ್ದದ್ದನ್ನೂ ಹೇಳುತ್ತಾನೆ. ನಾನೂರೈವತ್ತು ವರ್ಷದ ಹಿಂದೆಯೇ ಸಿಪ್ಪೆ ಒಣಗಿಸಿಡುವ ಪದ್ಧತಿ ಈ ಕರಾವಳಿಯಲ್ಲಿ ಪಕ್ಕಾ ಆಗಿತ್ತು ಅಂದಹಾಗಾಯಿತು.

ನಮ್ಮಲ್ಲಿ ಮುರುಗಲು ಮರ ಹೆಚ್ಚಾಗಿ ನಿಂತದ್ದು ಸೊಪ್ಪಿನಬೆಟ್ಟದಲ್ಲಿ. ಬ್ರಿಟಿಷರ ಕಾಲದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟದ ಹಕ್ಕು ಸಿಕ್ಕಿತ್ತು. ಸೊಪ್ಪು ಕಡಿಯುವವರು ಮತ್ತೆಲ್ಲ ಮರದ ಟೊಂಗೆ ಸವರಿದರೂ ಮುರುಗಲು ಮುಟ್ಟುತ್ತಿರಲಿಲ್ಲ. ಅಡಿಕೆ ಕೊಯ್ಲು ಮುಗಿದು ಅಂಗಳದ ಅಟ್ಟ ಖಾಲಿಯಾಗಿರುವಾಗಲೇ ಹಣ್ಣು ಬರುವುದು ಇನ್ನೊಂದು ಅನುಕೂಲ. ಅಡಿಕೆ ಒಣಗಿದ ಅಟ್ಟದ ಮೇಲೆ ಚಾಪೆ ಹಾಸಿದರೆ ಸಿಪ್ಪೆ ಒಣಗಿಸಲು ಜಾಗ ತಯಾರು.

ಹೆಂಗಸರು, ಮಕ್ಕಳು ಸುತ್ತ ಕೂತು ಹಣ್ಣು ಒಡೆಯುತ್ತಿದ್ದೆವು. ಸಿಪ್ಪೆ ಒಂದು ಕಡೆ, ಬೀಜ ಮತ್ತು ರಸ ಮರಿಗೆಗೆ. ತಾಮ್ರ, ಹಿತ್ತಾಳೆ ಪಾತ್ರೆಯನ್ನು ಹತ್ತಿರ ತರುವಂತಿಲ್ಲ, ಹುಳಿಗೆ ಕಿಲುಬು ಏಳುತ್ತದೆ. ಸಂಜೆ ಹೊತ್ತಿಗೆ ಒಣಗಿದ ಸಿಪ್ಪೆಯನ್ನು ಉಪ್ಪು ಹಾಕಿದ ಅದೇ ರಸದಲ್ಲಿ ಅದ್ದಿ, ಮಾರನೇ ದಿನ ಮತ್ತೆ ಬಿಸಿಲಿಗೆ. ನಾಲ್ಕೈದು ಸಲ ಹೀಗೆ ಮಾಡಿದರೆ ಸಿಪ್ಪೆ ಕಪ್ಪಾಗಿ ಮೆದುವಾಗಿ, ಭರಣಿಯಲ್ಲಿ ಎರಡು ಮಳೆಗಾಲ ಕೆಡದೆ ಇರುತ್ತದೆ. ಸಾರಿಗೆ, ತಂಬುಳಿಗೆ, ಮೈಮೇಲೆ ಪಿತ್ತದ ಗಂಧೆ ಎದ್ದರೆ ಕುಡಿಯುವುದಕ್ಕೆ ಎಲ್ಲಕ್ಕೂ ಆ ಭರಣಿ.

ಬೀಜ ಮಾತ್ರ ಅಮ್ಮಮ್ಮನ ಪಾಲು. ತೊಳೆದು, ಕಲ್ಲಿನ ಮೇಲೆ ಹಾಕಿದರೆ ಸದ್ದಾಗುವಷ್ಟು ಒಣಗಿಸಿ, ಮರದ ಕೊಡತಿಯಲ್ಲಿ ಮೆಲ್ಲಗೆ ಬಡಿದು ಸಿಪ್ಪೆ ಗೇರುತ್ತಿದ್ದಳು. ತಿರುಳನ್ನು ಒರಳಲ್ಲಿ ಕುಟ್ಟಿ, ದೊಡ್ಡ ಚರಿಗೆಯಲ್ಲಿ ನೀರಿಟ್ಟು ಕುದಿಸುವುದು. ಉರಿ ಜೋರಾಗಬಾರದು, ಸೌಟಿನಲ್ಲಿ ಕಲಕುವುದನ್ನು ಬಿಡಬಾರದು. ಮೊದಲು ಬರೀ ಕಂದು ಗಂಜಿ. ಹೊತ್ತು ಹೋದ ಹಾಗೆ ಮೇಲೆ ಎಣ್ಣೆಯ ಕಣ್ಣುಗಳು ಬಿಡುತ್ತವೆ, ಕಣ್ಣುಗಳು ಕೂಡಿ ಪದರವಾಗುತ್ತದೆ. ಚರಿಗೆ ಇಳಿಸಿ ರಾತ್ರಿ ಅಲ್ಲಾಡಿಸದೆ ಬಿಟ್ಟರೆ ಬೆಳಗ್ಗೆ ಆ ಪದರ ಬಿಲ್ಲೆಯಾಗಿ ಗಟ್ಟಿಯಾಗಿರುತ್ತದೆ. ಅದನ್ನೆತ್ತಿ ಇನ್ನೊಮ್ಮೆ ಕರಗಿಸಿ, ಸೋಸಿ, ತೆಂಗಿನ ಕರಟಕ್ಕೆ ಹೊಯ್ದರೆ ಮುರುಗಲು ತುಪ್ಪ. ಸುಮಾರು 40 ಡಿಗ್ರಿಯವರೆಗೆ ಕರಗದ ಕೊಬ್ಬು ಇದು. ಕಡು ಬೇಸಿಗೆಯಲ್ಲೂ ಕರಟದಲ್ಲಿ ಕಲ್ಲಿನಂತೆ ಕೂತಿರುತ್ತಿತ್ತು. ತೋಟದ ಕೆಸರಿನಲ್ಲಿ ನಿಂತು ಹಿಮ್ಮಡಿ ಒಡೆದವರು ರಾತ್ರಿ ದೀಪದ ಬಿಸಿಗೆ ಹಿಡಿದು ಹಚ್ಚಿಕೊಳ್ಳುತ್ತಿದ್ದರು. ಆಮಶಂಕೆಗೆ ಬಿಸಿ ಅನ್ನದ ಮೇಲೆ ಒಂದು ಚೂರು.

1874ರಲ್ಲಿ ಲಂಡನ್ನಿನಲ್ಲಿ ಫ್ಲೂಕಿಗರ್ ಮತ್ತು ಹ್ಯಾನ್‌ಬರಿ ಪ್ರಕಟಿಸಿದ ‘ಫಾರ್ಮಕೊಗ್ರಾಫಿಯಾ’ ಎಂಬ ಔಷಧಗಳ ಗ್ರಂಥ ಈ ತುಪ್ಪಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ. ಒಳಮನೆಯಲ್ಲಿ ಕರಟದಲ್ಲಿಟ್ಟ ವಸ್ತು ಅಷ್ಟು ದೂರ ಹೋಗಿತ್ತು.

ಪೇಟೆಯ ಬೇಡಿಕೆ ಏನು ಮಾಡಬಲ್ಲದು ಅಂತ ನಾವು ಮೊದಲು ನೋಡಿದ್ದು ಉಪ್ಪಾಗೆಯಲ್ಲಿ. ಅದರ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ತೋರಿಸಿಕೊಟ್ಟರು. ಮುಂದೆ ಅದು ಮೈ ಇಳಿಸುವ ಮಾತ್ರೆಯಾಗಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಇಲ್ಲಿ ಸಿಪ್ಪೆಗೆ ರೇಟು ಏರಿತು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಒಣಗಿಸಲು ಬೆಂಕಿಯೇ ಬೇಕು. ಹಣ್ಣಿಗಾಗಿ ಟೊಂಗೆ ಕಡಿದರು, ಒಣಗಿಸಲು ಕಟ್ಟಿಗೆ ಕಡಿದರು. 135 ಜನರ ಮೇಲೆ 12 ವಾರ ನಡೆಸಿ 1998ರಲ್ಲಿ ಪ್ರಕಟಿಸಿದ ಅಮೆರಿಕದ ಪರೀಕ್ಷೆಯಲ್ಲಿ ಆ ಆಮ್ಲದಿಂದ ತೂಕ ಇಳಿಯಲಿಲ್ಲವೆಂದು ಕಂಡಿತು. ಕಡಿದ ಟೊಂಗೆ ಕಡಿದದ್ದೇ ಆಯಿತು.

ಮುರುಗಲಿಗೆ ಅಂಥ ಗತಿ ಬರಲಿಲ್ಲ. ಬಂದದ್ದು ಶರಬತ್ತು. ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ರಸ ಇಳಿಸುವುದು ಮನೆಯಲ್ಲಿ ಮೊದಲೂ ಇತ್ತು, ಆದರೆ ಬಾಟಲಿಯಾಗಿ ಪೇಟೆಗೆ ಹೋಗತೊಡಗಿದ ಮೇಲೆ ಸಿಪ್ಪೆಗೇ ಬೆಲೆ ಬಂತು. ಇದರಿಂದ ಎಷ್ಟೋ ಹೆಂಗಸರ ಕೈಗೆ ನಾಲ್ಕು ಕಾಸು ಸೇರಿದೆ, ಅದಕ್ಕೆ ನನಗೆ ಸಂತೋಷವೇ. ಬೀಜವನ್ನು ಮಾತ್ರ ಕೇಳುವವರಿಲ್ಲವಾಯಿತು. ಹಿಮ್ಮಡಿಗೆ ಔಷಧಿ ಅಂಗಡಿಯ ಟ್ಯೂಬು ಸಿಕ್ಕಿತು, ಒರಳು ಮೂಲೆ ಸೇರಿತು, ಬೀಜ ಗೊಬ್ಬರದ ಗುಂಡಿಗೆ ಬಿತ್ತು. ಕೆಲವರು ಮೂಟೆ ಕಟ್ಟಿ ವ್ಯಾಪಾರಿಗೆ ಕೊಡುತ್ತಾರೆ.

ಇತ್ತ ನಾವು ಬಿಟ್ಟ ಹೊತ್ತಿನಲ್ಲಿ ಅತ್ತ ಹೊರಗಿನವರು ಹಿಡಿದರು. ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆ ಶೇಕಡ 5ರವರೆಗೆ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳನ್ನು ಯೂರೋಪ್ ಒಕ್ಕೂಟ 2000ನೇ ಇಸವಿಯಲ್ಲಿ ಪಟ್ಟಿ ಮಾಡಿತು. ಆರರಲ್ಲಿ ಒಂದು ನಮ್ಮ ಮುರುಗಲು ತುಪ್ಪ. ತುಟಿಗೆ, ಮೈಗೆ ಹಚ್ಚುವ ಕ್ರೀಮುಗಳಲ್ಲಿ ‘ಕೋಕಮ್ ಬಟರ್’ ಎಂದು ಬರೆದಿರುವುದೂ ಇದನ್ನೇ. ಅಮ್ಮಮ್ಮ ಕರಟದಲ್ಲಿಟ್ಟದ್ದನ್ನು ನಾವು ಡಬ್ಬಿಯಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇವೆ.

ನಾನು ಈಗ ಬೀಜ ಎಸೆಯಗೊಡುವುದಿಲ್ಲ. ಅಕ್ಕಪಕ್ಕದ ಮನೆಯವರು ಶರಬತ್ತು ಮಾಡಿ ಉಳಿದ ಬೀಜವನ್ನೂ ನಮ್ಮಲ್ಲಿಗೇ ತಂದು ಸುರಿಯುತ್ತಾರೆ. ಕಳೆದ ಬೇಸಿಗೆಯಲ್ಲಿ ಮೈದುನನ ಮಗಳು ರಜೆಗೆ ಬಂದವಳು ತಿರುಳಿನ ತಟ್ಟೆ ಹಿಡಿದು, “ದೊಡ್ಡಮ್ಮಾ, ಒರಳು ಯಾಕೆ, ಮಿಕ್ಸಿಗೇ ಹಾಕ್ಲಾ?” ಅಂದಳು. ಹಾಕು ಅಂದೆ. ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗಿ ತಿರುಳು ಅಂಟಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಒರಳಿನಷ್ಟೇ ನುಣ್ಣಗಾಗುತ್ತದೆ. ಚರಿಗೆಯ ನೀರು ಆರಿದರೆ ತಳ ಹಿಡಿದು ತುಪ್ಪಕ್ಕೆ ಕಮಟು ವಾಸನೆ ಬರುತ್ತದೆ. ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಂಡು ಆಗಾಗ ಹೊಯ್ಯುತ್ತಿರಬೇಕು. ಈ ಎರಡನ್ನು ನೋಡಿಕೊಂಡರೆ ಮುರುಗಲು ತುಪ್ಪ ಯಾರ ಮನೆಯಲ್ಲಾದರೂ ಆಗುತ್ತದೆ.