ಗೇಟಿನ ಆಚೆಯ ಶ್ರೋತೃಗಳು

ಹಳ್ಳಿಯವರು ವಿಶ್ವವಿದ್ಯಾನಿಲಯ ನೋಡಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿದ್ದ ಕಾಲವೊಂದಿತ್ತು. ಹಾರೋಹಳ್ಳಿಯವರಿಗೆ ಈಗ ಆ ತಾಪತ್ರಯವಿಲ್ಲ. ಕನಕಪುರದ ಹೋಬಳಿಯಾಗಿದ್ದು ಈಚೆಗೆ ತಾಲ್ಲೂಕು ಕೇಂದ್ರವಾದ ಈ ಊರಿನ ಆಸುಪಾಸಿನಲ್ಲೇ, ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ವಿಶ್ವವಿದ್ಯಾಲಯವಿದೆ. ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ಆವರಣವಿದೆ. ಕ್ಯಾಂಪಸ್ಸೇನೋ ಊರಿಗೆ ಬಂತು. ಅಲ್ಲಿ ಆಡುವ ಮಾತು ಊರಿಗೆ ಕೇಳುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಕನ್ನಡ ನಾಡಿನಲ್ಲಿ ನೂರು ವರ್ಷದ ಚರಿತ್ರೆಯಿದೆ.

ಆರಂಭ ಕ್ಯಾಂಪಸ್ಸಿನ ಹೊರಗೇ ಆಯಿತು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಮಾಡಿದ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಭಾಷಣ ಸಾಹಿತ್ಯ ಚರಿತ್ರೆಯಲ್ಲೇ ಜಾಗ ಪಡೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಅದೇ ಕಾಲೇಜಿನಲ್ಲಿ 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಮಾತಾಡಿದರು. ಎರಡು ವರ್ಷದಲ್ಲಿ ಅದಕ್ಕೆ ನೊಬೆಲ್ ಬಂತು.

ಆದರೆ ಇವೆಲ್ಲ ಓದಿದವರ ಸಭೆಗಳು. ಆ ಗೋಡೆ ದಾಟಿದ್ದು ಮೈಸೂರು ವಿಶ್ವವಿದ್ಯಾನಿಲಯದ ‘ಪ್ರಚಾರೋಪನ್ಯಾಸ’. ಪ್ರಾಧ್ಯಾಪಕರು ಊರೂರಿಗೆ ಹೋಗಿ ಸಾಹಿತ್ಯ, ವಿಜ್ಞಾನ, ಆರೋಗ್ಯಗಳ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಆಮೇಲೆ ಆ ಮಾತೇ ಅಂಗಿಯ ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕವಾಗಿ, ಬಡವರ ಕೈಗೂ ಎಟುಕುವ ಬೆಲೆಗೆ ಬರುತ್ತಿತ್ತು. ಕುವೆಂಪು ಕುಲಪತಿಯಾಗಿದ್ದಾಗ (1956–60) ಈ ಕೆಲಸಕ್ಕೆ ಹೊಸ ಹುರುಪು ಸಿಕ್ಕಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಉಪನ್ಯಾಸ ಗ್ರಂಥಮಾಲೆ ನಡೆಸಿತು.

ಮುಂದಿನದು ನಗರದ ಕಥೆ. 1962ರಲ್ಲಿ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬುಧವಾರ ಸಂಜೆ ಬಂದರೆ ಉಪನ್ಯಾಸ ಉಂಟು, ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಹೈಸ್ಕೂಲು ಹುಡುಗನ ಪಕ್ಕದಲ್ಲೇ ನಿವೃತ್ತ ಎಂಜಿನಿಯರ್ ಕೂರುವ ಪರಿಪಾಠ ಅಲ್ಲಿ ಬೆಳೆಯಿತು. ರಾಮನ್ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಪ್ರತಿ ಗಾಂಧಿ ಜಯಂತಿಗೆ ಸಾರ್ವಜನಿಕ ಉಪನ್ಯಾಸ ಕೊಡುತ್ತಿದ್ದರು; ಕೊನೆಯದನ್ನು ಕೊಟ್ಟಿದ್ದು 1970ರ ಅಕ್ಟೋಬರ್ 2ರಂದು, ತೀರಿಕೊಳ್ಳುವ ಏಳು ವಾರ ಮೊದಲು.

ದತ್ತಿ ಉಪನ್ಯಾಸಗಳದ್ದು ಬೇರೆಯೇ ಲೆಕ್ಕ. ದಾನಿ ಇಟ್ಟ ಇಡುಗಂಟಿನ ಬಡ್ಡಿಯಲ್ಲೇ ವರ್ಷಕ್ಕೊಂದು ಭಾಷಣ ನಡೆಯಬೇಕು. ಬಡ್ಡಿ ಇಳಿದ ಹಾಗೆ, ಪ್ರಯಾಣದ ಖರ್ಚು ಏರಿದ ಹಾಗೆ ಸಂಭಾವನೆ ಹಾರ, ಶಾಲು, ಹಣ್ಣಿನ ಬುಟ್ಟಿಗೆ ಇಳಿಯುತ್ತದೆ.

ಜನ ತಾವಾಗಿ ನುಗ್ಗುವ ಆವರಣವೂ ಒಂದಿದೆ: ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ. ಅಲ್ಲಿಯ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ವೇದಿಕೆಯ ಭಾಷಣಕ್ಕಿಂತ ಪ್ರಾತ್ಯಕ್ಷಿಕೆಯ ತಾಕುಗಳಲ್ಲೇ ಗದ್ದಲ ಹೆಚ್ಚು. ರೈತರು ರಾಗಿ ತೆನೆ ಬಗ್ಗಿಸಿ, ಅಂಗೈಯಲ್ಲಿ ಉಜ್ಜಿ ಕಾಳು ನೋಡಿ, ಎಂ.ಎಲ್.-365 ತಳಿ ಎಕರೆಗೆ ಎಷ್ಟು ಕ್ವಿಂಟಾಲ್, ಮೇವು ಎಷ್ಟು ಎಂದು ವಿಜ್ಞಾನಿಯನ್ನು ಕೇಳುತ್ತಾರೆ. ಉತ್ತರ ಒಪ್ಪಿಗೆಯಾಗದಿದ್ದರೆ ಮುಖದ ಮೇಲೇ ಹೇಳುತ್ತಾರೆ.

ಇದೇ ವಿಶ್ವವಿದ್ಯಾನಿಲಯ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ನಡೆಸುತ್ತಿದೆ. ತರಬೇತಿ, ಕ್ಷೇತ್ರೋತ್ಸವ ಎಲ್ಲ ರೈತರ ಆಡುಮಾತಿನಲ್ಲೇ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕದಲ್ಲಿ ಕಲಾವಿದನೂ ಪ್ರಾಧ್ಯಾಪಕನೂ ಒಂದೇ ವೇದಿಕೆ ಹತ್ತುತ್ತಾರೆ.

ಹಾರೋಹಳ್ಳಿಯ ಹೊಸ ಆವರಣಗಳು ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳನ್ನು ನಂಬಿದವು. ಖಾಸಗಿ ಕ್ಯಾಂಪಸ್ಸುಗಳ ಅತಿಥಿ ಉಪನ್ಯಾಸ, ಟೆಕ್ ಫೆಸ್ಟ್‌ಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಗುರುತಿನ ಚೀಟಿ ಇದ್ದವರಿಗೆ. ಸುತ್ತಲಿನವರಾದರೋ ರೇಷ್ಮೆ ಬೆಳೆಗಾರರು, ಕೈಗಾರಿಕಾ ಪ್ರದೇಶದ ಕಾರ್ಮಿಕರು. ಅವರ ಬಿಡುವಿನ ಹೊತ್ತಿಗೆ, ಅವರ ಭಾಷೆಯಲ್ಲಿ ಸಭೆ ಕರೆಯುವುದಕ್ಕೆ ಹೊಸ ಮಾದರಿಯನ್ನೇನೂ ಹುಡುಕಬೇಕಿಲ್ಲ. ಬಸವನಗುಡಿಯ ಬುಧವಾರ ಕನಕಪುರ ರಸ್ತೆಯಿಂದ ದೂರವೇನಿಲ್ಲ; ಚಂದುರಾಯನಹಳ್ಳಿ ಇದೇ ಜಿಲ್ಲೆಯಲ್ಲೇ ಇದೆ.