ಸರ್ಪಗಂಧದ ಬೇರು ಮತ್ತು ಸೆರೊಟೋನಿನ್: ಒಂದು ಊಹೆಯ ಚರಿತ್ರೆ

ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಗಳ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹೊರಡುತ್ತಾರೆ. ಆಲ್ಬರ್ಟ್ ಹಾಫ್‌ಮನ್ 1943ರಲ್ಲಿ ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಯ ಪರಿಣಾಮವನ್ನು ಸ್ವತಃ ಅನುಭವಿಸಿದ್ದು ಅಲ್ಲಿಯೇ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ವಸ್ತುವಿನ ಮಟ್ಟಿಗೆ ಅಷ್ಟೇ ಮುಖ್ಯವಾದ ಇನ್ನೊಂದು ದಾರಿ ನಮ್ಮ ನೆಲದಿಂದ ಹೊರಟಿದೆ. ಬಿಹಾರದಲ್ಲಿ ‘ಪಾಗಲ್ ಕಿ ದವಾ’ ಎಂದೇ ಹೆಸರಾದ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರು ಅದರ ಮೊದಲು. ಅದು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಮದ್ದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದರು. ಆದರೆ ಹೊರಜಗತ್ತು ಕಣ್ಣೆತ್ತಿ ನೋಡಿದ್ದು 1949ರಲ್ಲಿ, ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದ ಮೇಲೆ. 1952ರಲ್ಲಿ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

ಸೆರೊಟೋನಿನ್ ಕಥೆ ಶುರುವಾದದ್ದು ಕರುಳಿನಲ್ಲಿ, ರಕ್ತದಲ್ಲಿ. 1930ರ ದಶಕದಲ್ಲಿ ಇಟಲಿಯ ವಿತ್ತೋರಿಯೋ ಎರ್ಸ್ಪಾಮೆರ್ ಕರುಳಿನ ಒಳಪೊರೆಯಲ್ಲಿ ಕಂಡ ವಸ್ತುವೂ 1948ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರ್‍ಯಾಪೋರ್ಟ್, ಗ್ರೀನ್, ಪೇಜ್ ರಕ್ತದ ಸೀರಮ್‌ನಿಂದ ತೆಗೆದ ವಸ್ತುವೂ ಒಂದೇ ಎಂಬುದು ಆಮೇಲೆ ತಿಳಿಯಿತು. ಅದು ಮಿದುಳಿನಲ್ಲೂ ಇದೆಯೆಂದು 1953ರಲ್ಲಿ ತೋರಿಸಿದವರು ಬೆಟ್ಟಿ ಟ್ವಾರೋಗ್. ಈ ಹೆಣ್ಣುಮಗಳ ಹೆಸರು ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕಿತ್ತು. ಅದೇ ವರ್ಷ ಎಡಿನ್‌ಬರೋದ ಜಾನ್ ಗ್ಯಾಡಮ್, ಇಲಿಯ ಗರ್ಭಕೋಶದ ಸ್ನಾಯುವಿನಲ್ಲಿ ಸೆರೊಟೋನಿನ್ ಮಾಡುವ ಕೆಲಸವನ್ನು ಎಲ್‌ಎಸ್‌ಡಿ ತಡೆಯುವುದನ್ನು ವರದಿ ಮಾಡಿದರು. ಮನಸ್ಸಿನ ಸ್ವಾಸ್ಥ್ಯಕ್ಕೂ ಸೆರೊಟೋನಿನ್‌ಗೂ ನಂಟಿರಬಹುದೆಂಬ ಊಹೆಗೆ ಅದು ಆಧಾರವಾಯಿತು.

1955ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಪ್ಲೆಚರ್, ಶೋರ್, ಬ್ರೋಡಿ ನಡೆಸಿದ ಪ್ರಯೋಗದಿಂದ ಸರ್ಪಗಂಧದ ದಾರಿಯೂ ಸೆರೊಟೋನಿನ್ ದಾರಿಯೂ ಕೂಡಿದವು. ರೆಸರ್ಪಿನ್ ಕೊಟ್ಟ ಪ್ರಾಣಿಗಳ ದೇಹದಲ್ಲಿ ಸೆರೊಟೋನಿನ್ ದಾಸ್ತಾನು ಬರಿದಾಗುತ್ತಿತ್ತು. ಕಾರಣ ಸ್ಪಷ್ಟವಾದದ್ದು ಬಹಳ ತಡವಾಗಿ. ನರಕೋಶ ತಾನು ತಯಾರಿಸಿದ ಸೆರೊಟೋನಿನ್ ಅನ್ನು ಪುಟ್ಟ ಕೋಶಿಕೆಗಳಲ್ಲಿ ತುಂಬಿಡುತ್ತದೆ. ತುಂಬುವ ಆ ಯಂತ್ರವನ್ನೇ ರೆಸರ್ಪಿನ್ ಕಟ್ಟಿಹಾಕುತ್ತದೆ. ಒಕ್ಕಿದ ರಾಗಿ ಹಗೇವು ಸೇರದೆ ಕಣದಲ್ಲೇ ಬಿದ್ದು ಇಲಿಗಳ ಪಾಲಾದ ಹಾಗೆ, ಹೊರಗುಳಿದ ಸೆರೊಟೋನಿನ್ ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಆಹಾರವಾಗುತ್ತದೆ. ಕ್ಷಯಕ್ಕೆಂದು ಬಂದು ಖಿನ್ನತೆಗೂ ಬಳಕೆಯಾದ ಇಪ್ರೊನಿಯಾಜಿಡ್ ತಡೆಯುವುದು ಈ ಕಿಣ್ವವನ್ನೇ.

ರಕ್ತದೊತ್ತಡಕ್ಕೆ ರೆಸರ್ಪಿನ್ ನುಂಗಿದ ಕೆಲವರು ಖಿನ್ನರಾದರೆಂಬ ವರದಿಗಳೂ ಸೇರಿ, ಸೆರೊಟೋನಿನ್‌ನಂಥ ವಸ್ತುಗಳ ಕೊರತೆಯೇ ಖಿನ್ನತೆ ಎಂಬ ಮಾತು ಹುಟ್ಟಿತು. ನನಗೆ ಇದು ಅವಸರದ ತೀರ್ಮಾನವೆಂದೇ ತೋರುತ್ತದೆ. ಎದುರು ಸಾಕ್ಷ್ಯ ಆಗಲೇ ಇತ್ತು. 1955ರಲ್ಲೇ ಲಂಡನ್ನಿನ ಡೇವೀಸ್ ಮತ್ತು ಶೆಪರ್ಡ್, ಆತಂಕ ಮತ್ತು ಖಿನ್ನತೆಯ ರೋಗಿಗಳಿಗೆ ರೆಸರ್ಪಿನ್‌ನಿಂದ ಗುಣ ಕಂಡದ್ದನ್ನು ಪ್ರಕಟಿಸಿದ್ದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರೆಸರ್ಪಿನ್‌ನಿಂದ ಜಡವಾದ ಪ್ರಾಣಿಗಳು ಎಲ್-ಡೋಪಾ ಕೊಟ್ಟೊಡನೆ ಚೇತರಿಸಿಕೊಂಡದ್ದನ್ನು ತೋರಿಸಿದರು. ಸೆರೊಟೋನಿನ್ ಆಗಬಲ್ಲ ಮೂಲವಸ್ತುವಿನಿಂದ ಆ ಚೇತರಿಕೆ ಬರಲಿಲ್ಲ. ಎಲ್-ಡೋಪಾ ಮಿದುಳಿನಲ್ಲಿ ಡೋಪಮಿನ್ ಎಂಬ ಇನ್ನೊಂದು ಸಂದೇಶವಾಹಕವಾಗುತ್ತದೆ. ರೆಸರ್ಪಿನ್ ಡೋಪಮಿನ್ ದಾಸ್ತಾನನ್ನೂ ಬರಿದು ಮಾಡುತ್ತಿತ್ತು; ಜಡತೆಯ ಮೂಲ ಅಲ್ಲಿತ್ತು.

ಆದರೂ ಊಹೆ ಉಳಿಯಿತು, ಫಲವನ್ನೂ ಕೊಟ್ಟಿತು. ಬಿಡುಗಡೆಯಾದ ಸೆರೊಟೋನಿನ್ ನರಕೋಶಕ್ಕೆ ಮರಳದಂತೆ ತಡೆಯುವ ಫ್ಲೂಆಕ್ಸೆಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಈ ತಡೆ ಕೆಲವೇ ಗಂಟೆಗಳಲ್ಲಿ ಶುರುವಾದರೂ ರೋಗಿಯ ಮನಸ್ಸು ಹಗುರಾಗಲು ವಾರಗಳು ಹಿಡಿಯುತ್ತವೆ. ಬರೀ ಕೊರತೆ ತುಂಬುವ ಲೆಕ್ಕವಾಗಿದ್ದರೆ ಹೀಗಾಗಬೇಕಿರಲಿಲ್ಲ. ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಸ್ಥಿರವಾದ ಪುರಾವೆ ಇಲ್ಲವೆಂದು 2022ರ ಒಂದು ವ್ಯಾಪಕ ಪರಾಮರ್ಶೆಯೂ ಹೇಳಿತು. ಔಷಧ ಗುಣ ಕೊಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿದೆ, ಬಹಳ ಜನರಿಗೆ ಈ ಔಷಧಗಳಿಂದ ಗುಣವಾಗಿದೆ. ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಚರಿತ್ರೆ ಓದಿ, ವೈದ್ಯರನ್ನು ಕೇಳದೆ ಅದನ್ನು ಒಮ್ಮೆಲೇ ಬಿಡಬೇಡಿ.