ಅರಗಿನಿಂದ ಸಿಲಿಕೋನ್‌ವರೆಗೆ: ಎಂಜಿನ್ ಸಂದು ಮುಚ್ಚಿದ ಅಂಟುಗಳ ಕಥೆ

ಹೋದ ತಿಂಗಳು ನಾವು ಮೂವರು ಒಂದು ಗ್ಯಾರೇಜಿನಲ್ಲಿ ಅರ್ಧ ದಿನ ಕೂತಿದ್ದೆವು. ಬೆಂಚಿನ ಮೇಲೆ ಹಳೇ ಯೆಜ್ಡಿಯ ಎಂಜಿನ್ ಎರಡು ಹೋಳಾಗಿ ಬಿದ್ದಿತ್ತು. ಪಿಸ್ಟನ್ ಮೈತುಂಬ ಗೀರು. ಆರು ತಿಂಗಳ ಹಿಂದಷ್ಟೇ ಬೇರೆ ಕಡೆ ಬಿಚ್ಚಿ ಜೋಡಿಸಿದ್ದ ಎಂಜಿನ್ ಅದು. ಮೆಕ್ಯಾನಿಕ್ ಹೋಳಿನ ಅಂಚಿನಿಂದ ಕೆಂಪು ರಬ್ಬರಿನಂಥ ಎಳೆಯೊಂದನ್ನು ಉಗುರಿನಿಂದ ಎಬ್ಬಿಸಿ ತೋರಿಸಿದರು. ಪೆಟ್ರೋಲಿಗೆ ಊದಿ, ಮೆತ್ತಗಾಗಿ, ಕೈಗೇ ಕಿತ್ತು ಬಂತು. "ಇದೇ ನೋಡಿ ಎಂಜಿನ್ ತಿಂದಿದ್ದು" ಅಂದರು.

ನೂರೈವತ್ತು, ಇನ್ನೂರು ರೂಪಾಯಿಯ ಒಂದು ಟ್ಯೂಬು ಇಡೀ ಎಂಜಿನ್ ಹಾಳುಮಾಡುತ್ತದೆಯೇ? ಈ ಪ್ರಶ್ನೆ ಹಿಡಿದು ಹೊರಟ ನಮಗೆ ಸಿಕ್ಕಿದ್ದು ನೂರು ವರ್ಷಕ್ಕೂ ಮೀರಿದ ಕಥೆ. ಅದರಲ್ಲಿ ನಮ್ಮ ಮುತ್ತುಗದ ಮರವೂ ಇದೆ, ಮಂಡ್ಯದ ಕಬ್ಬೂ ಇದೆ.

ಎರಡು ಹೋಳು ಯಾಕೆ?

ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕನ್ನು ಕೂರಿಸಬೇಕಾದರೆ ಅದರ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಎರಡು ಭಾಗವಾಗಿ ಮಾಡುತ್ತಾರೆ. ಈ ಪೆಟ್ಟಿಗೆಗೆ ಕ್ರ್ಯಾಂಕ್‌ಕೇಸ್ ಅನ್ನುತ್ತಾರೆ. ಬುಲೆಟ್, ಆರ್‌ಎಕ್ಸ್ 100ರಂಥ ಗಾಡಿಗಳಲ್ಲಿ ಇದು ಎಡ ಬಲ ಎಂದು ನೆಟ್ಟಗೆ ಸೀಳಿದಂತಿರುತ್ತದೆ. 1969ರ ಹೋಂಡಾ ಸಿಬಿ 750ಯಂಥ ಜಪಾನಿನ ದೊಡ್ಡ ಬೈಕುಗಳಲ್ಲಿ ಮೇಲೆ ಕೆಳಗೆ ಎಂದು ಅಡ್ಡಕ್ಕೆ ಸೀಳಿರುತ್ತದೆ. ಹೇಗೇ ಸೀಳಿದರೂ ಎರಡು ಲೋಹದ ಅಂಚು ಸೇರುವ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗು ಇದ್ದೇ ಇರುತ್ತದೆ. ಅದನ್ನು ತುಂಬುವುದೇ ಸೀಲೆಂಟ್ ಕೆಲಸ.

ನಾಲ್ಕು ಸ್ಟ್ರೋಕ್ ಎಂಜಿನ್ ಆದರೆ ಸಂದಿನಿಂದ ಆಯಿಲ್ ಜಿನುಗುತ್ತದೆ. ಗಲೀಜು, ಖರ್ಚು, ಆದರೆ ಕಣ್ಣಿಗೆ ಕಾಣುತ್ತದೆ. ಎರಡು ಸ್ಟ್ರೋಕ್ ಎಂಜಿನ್ ಕಥೆ ಬೇರೆ. ಅಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲು, ಆಯಿಲ್, ಗಾಳಿಯ ಮಿಶ್ರಣವನ್ನು ಒಳಗೆಳೆಯುತ್ತದೆ, ಕೆಳಗೆ ಬಂದಾಗ ಅದನ್ನು ಸಿಲಿಂಡರಿಗೆ ತಳ್ಳುತ್ತದೆ. ಸಂದು ಬಿಟ್ಟಿದ್ದರೆ ಹೊರಗಿನ ಬರೀ ಗಾಳಿಯೂ ಜೊತೆಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಶಾಖ ಏರುತ್ತದೆ. ಪೆಟ್ರೋಲಿನ ಜೊತೆಗೇ ಬರಬೇಕಾದ ಆಯಿಲ್ ಕೂಡ ಸಾಲದೆ ಹೋಗುತ್ತದೆ. ಒಂದು ದಿನ ದಾರಿ ಮಧ್ಯೆ ಎಂಜಿನ್ ಸೀಜ್.

ಬಿಳಿ ಸೀಸ, ಅಗಸೆ ಎಣ್ಣೆ

ಬೈಕು ಬರುವ ಮೊದಲೇ ಈ ತೊಂದರೆ ಇತ್ತು. ಹಬೆ ಎಂಜಿನ್‌ಗಳ ಕಾಲದಲ್ಲಿ ಪೈಪು, ಬಾಯ್ಲರುಗಳ ಸಂದಿಗೆ ಕೆಂಪು ಸೀಸ ಅಥವಾ ಬಿಳಿ ಸೀಸದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಮೆತ್ತುತ್ತಿದ್ದರು. ಅಗಸೆ ಎಣ್ಣೆ ಗಾಳಿ ತಾಗಿದರೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಅಗಸಿ ಚಟ್ನಿ ತಿನ್ನುವವರಿಗೆ ಈ ಬೀಜ ಹೊಸದಲ್ಲ. ಆದರೆ ಸೀಸ ವಿಷ. ಜೊತೆಗೆ ಗಟ್ಟಿಯಾದ ಆ ಮೆತ್ತನ್ನು ಬಿಚ್ಚಬೇಕಾದರೆ ಉಳಿ ಸುತ್ತಿಗೆ ಬೇಕು. ತೆಳ್ಳಗಿನ ಅಲ್ಯೂಮಿನಿಯಂ ಎಂಜಿನ್‌ಗೆ ಅದು ಒಗ್ಗುವುದಿಲ್ಲ.

ಅರಗು ಬಂತು

ಆಮೇಲೆ ಬಂದದ್ದು ನಮ್ಮದೇ ನೆಲದ ವಸ್ತು, ಅರಗು. ಮುತ್ತುಗ, ಬೋರೆ, ಕುಸುಮ್ ಮರಗಳ ರೆಂಬೆಯ ಮೇಲೆ ಕೂತು ರಸ ಹೀರುವ ಸಣ್ಣ ಹುಳು ತನ್ನ ರಕ್ಷಣೆಗೆ ಸುರಿಸುವ ಅಂಟೇ ಅರಗು. ಕೌರವರು ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ನಮಗೆಲ್ಲ ಗೊತ್ತು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅದರದ್ದೇ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಇದನ್ನೇ ಶುದ್ಧ ಮಾಡಿ ತೆಳ್ಳಗೆ ಹಾಳೆಯಾಗಿ ಎಳೆದದ್ದು ಶೆಲ್ಯಾಕ್. ಹಳೇ ಗ್ರಾಮಫೋನ್ ತಟ್ಟೆಗಳಿಗೂ ಇದೇ ಬೇಕಿತ್ತು. ಜಗತ್ತಿಗೆ ಅರಗು ಕೊಟ್ಟ ದೇಶಗಳಲ್ಲಿ ಭಾರತವೇ ಮುಂದೆ. ಇಂದಿಗೂ ಜಾರ್ಖಂಡಿನ ಕಾಡಂಚಿನ ಜನ ಅದನ್ನು ಬೆಳೆಯುತ್ತಾರೆ.

ಎಂಜಿನ್‌ಗೆ ಅರಗು ಯಾಕೆ ಹಿಡಿಸಿತು? ಅದು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಆಯಿಲಿನಲ್ಲೂ ಕರಗುವುದಿಲ್ಲ. ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿ ಕುಂಚದಿಂದ ಬಳಿದರೆ ಸ್ಪಿರಿಟ್ ಹಾರಿಹೋಗಿ ಅರಗು ಉಳಿಯುತ್ತದೆ. ಅಮೆರಿಕದ ಪರ್ಮಾಟೆಕ್ಸ್ ಕಂಪನಿ 1909ರಲ್ಲಿ ಶುರುವಾದದ್ದೇ ಇಂಥ ಶೆಲ್ಯಾಕ್ ಮಾರುತ್ತ.

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ, ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ 1996ರವರೆಗೆ ಎರಡು ಸ್ಟ್ರೋಕ್ ಬೈಕುಗಳನ್ನು ಮಾಡಿತು. ಆ ಕಾಲದ ಮೆಕ್ಯಾನಿಕ್‌ಗಳು ಶೆಲ್ಯಾಕ್ ಬಾಟಲಿಯನ್ನು ನಂಬಿದ್ದರು. ನಾವು ಮಾತಾಡಿಸಿದ ಹಿರಿಯರೊಬ್ಬರ ಕಪಾಟಿನಲ್ಲಿ ಒಂದು ಬಾಟಲಿ ಇನ್ನೂ ಇತ್ತು.

ಒಣಗದ ಅಂಟು

1950ರ ದಶಕದಲ್ಲಿ ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಕಂಪನಿಗೆ ವಿಮಾನದ ಜೆಟ್ ಎಂಜಿನ್‌ಗೆ ಸೀಲೆಂಟ್ ಬೇಕಾಯಿತು. ವಿಮಾನದ ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ನೋಡಬೇಕು. ಅಂಟು ಸೋರಬಾರದು, ಆದರೆ ಬಿಚ್ಚುವಾಗ ಲೋಹವನ್ನು ಕೆಡಿಸಲೂ ಬಾರದು. ಹೀಗೆ ಹುಟ್ಟಿದ್ದು ಹೈಲೋಮಾರ್ ಎಂಬ ನೀಲಿ ಅಂಟು. ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ, ಜಿಗುಟಾಗಿಯೇ ಇರುತ್ತದೆ.

ಇಲ್ಲಿಂದ ನಾವು ಕಲಿತದ್ದು ದೊಡ್ಡ ಪಾಠ. ಒಳ್ಳೆಯ ಸೀಲೆಂಟ್ ಅಂದರೆ ಬಲವಾಗಿ ಅಂಟುವುದು ಅಂತ ನಾವು ತಿಳಿದಿದ್ದೆವು. ಅದು ತಪ್ಪು. ಎರಡು ಹೋಳುಗಳನ್ನು ಹಿಡಿದಿಡುವುದು ಬೋಲ್ಟುಗಳ ಕೆಲಸ. ಸೀಲೆಂಟ್ ಕೆಲಸ ಸಂದು ತುಂಬುವುದಷ್ಟೇ.

ಗಾಳಿ ಬೇಕಾದ ಅಂಟು, ಬೇಡವಾದ ಅಂಟು

ಎರಡನೇ ಮಹಾಯುದ್ಧದ ಹೊತ್ತಿಗೆ ಸಿಲಿಕೋನ್ ಬಂತು. ಡೌ ಕಾರ್ನಿಂಗ್ ಕಂಪನಿ ಹುಟ್ಟಿದ್ದು 1943ರಲ್ಲಿ. ಇಂದು ಅಂಗಡಿಯಲ್ಲಿ ಸಿಗುವ ಕೆಂಪು, ಕಪ್ಪು, ಬೂದು ಬಣ್ಣದ ಆರ್‌ಟಿವಿ ಟ್ಯೂಬುಗಳು ಇದೇ ಕುಲದವು. ಗಾಳಿಯಲ್ಲಿರುವ ತೇವಾಂಶ ಹೀರಿ ರಬ್ಬರಾಗುತ್ತವೆ. ಕೆಲವು ಒಣಗುವಾಗ ಹುಳಿ ವಿನೆಗರ್ ವಾಸನೆ ಬರುತ್ತದಲ್ಲ, ಅದು ಹೊರಬರುವ ಅಸಿಟಿಕ್ ಆಮ್ಲ. ಶಾಖಕ್ಕೆ ಸಿಲಿಕೋನ್ ಗಟ್ಟಿ ಆಸಾಮಿ, ಆಯಿಲಿಗೂ ತಡೆಯುತ್ತದೆ. ಆದರೆ ಪೆಟ್ರೋಲಿಗೆ ಸೋಲುತ್ತದೆ, ಊದುತ್ತದೆ. ಬೆಂಚಿನ ಮೇಲಿನ ಯೆಜ್ಡಿಗೆ ಆದದ್ದು ಇದೇ.

ಇದಕ್ಕೆ ತೀರ ಉಲ್ಟಾ ಇನ್ನೊಂದು. ಅಮೆರಿಕದ ಹಾರ್ಟ್‌ಫರ್ಡ್ ಊರಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ನಾನ್ ಕ್ರೀಬಲ್ 1953ರಲ್ಲಿ ಒಂದು ಅಂಟು ಸಿದ್ಧ ಮಾಡಿದರು. ಗಾಳಿ ಇರುವತನಕ ಅದು ನೀರಾಗಿಯೇ ಇರುತ್ತದೆ. ಗಾಳಿ ಇಲ್ಲದ ಕಡೆ, ಎರಡು ಲೋಹಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ ಗಟ್ಟಿಯಾಗುತ್ತದೆ. ಅದೇ ಲಾಕ್‌ಟೈಟ್ ಆಯಿತು. ಈ ಜಾತಿಗೆ ಅನೆರೋಬಿಕ್ ಅನ್ನುತ್ತಾರೆ. ಸಂದಿನಿಂದ ಎಂಜಿನ್ ಒಳಗೆ ಹಿಂಡಿಹೋದದ್ದು ಗಟ್ಟಿಯಾಗದೆ ಆಯಿಲಿನಲ್ಲಿ ಬೆರೆತುಹೋಗುತ್ತದೆ, ದಾರಿ ಕಟ್ಟುವುದಿಲ್ಲ. ಹೆಚ್ಚಾಗಿ ಮೆತ್ತಿದ ಸಿಲಿಕೋನ್ ಹಾಗಲ್ಲ. ಹುಳುವಿನಂತೆ ಉದುರಿ ಆಯಿಲ್ ಜಾಲರಿ ಮುಚ್ಚುತ್ತದೆ. ಆದರೆ ಅನೆರೋಬಿಕ್ ಅಂಟು ದೊಡ್ಡ ಗೀರು, ಗುಂಡಿ ತುಂಬಲಾರದು. ಅಂಚು ಚೊಕ್ಕವಿದ್ದರೆ ಮಾತ್ರ ಅದರ ಆಟ.

ಕಬ್ಬು ತಂದ ಹೊಸ ತೊಡಕು

ಈಗ ಕಥೆಯ ತಿರುವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ ಎಂದೆವಲ್ಲ, ಆ ಸ್ಪಿರಿಟ್ ಎಥನಾಲ್. ಕಬ್ಬಿನಿಂದ, ಧಾನ್ಯದಿಂದ ತೆಗೆದು ಇಂದು ಪೆಟ್ರೋಲಿಗೆ ಬೆರೆಸುತ್ತಿರುವುದೂ ಅದೇ ಎಥನಾಲ್. ನೂರಕ್ಕೆ 20 ಪಾಲು ಎಥನಾಲ್ ಇರುವ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಹೆಚ್ಚಿನ ಬಂಕುಗಳಲ್ಲಿ ಸಿಗುವುದೇ ಅದು.

ಎಥನಾಲ್‌ನಿಂದ ಕಬ್ಬು ಬೆಳೆಗಾರನಿಗೆ ಒಂದು ಮಾರುಕಟ್ಟೆ ಸಿಕ್ಕಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲು ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಬರೀ ಶೆಲ್ಯಾಕ್ ನಂಬಿದರೆ ಅದು ಮೆತ್ತಗಾಗುವ ಅಪಾಯ ಇದೆ. ಅಪ್ಪನ ಕಾಲದಲ್ಲಿ ಸರಿಯಾಗಿದ್ದ ಉತ್ತರ ಇಂದು ಸರಿಯಲ್ಲ. ಅಪ್ಪ ತಪ್ಪು ಮಾಡಲಿಲ್ಲ, ಪೆಟ್ರೋಲ್ ಬದಲಾಯಿತು.

ಹಾಗಾದರೆ ಯಾವುದು?

ಎರಡು ಸ್ಟ್ರೋಕ್ ಕ್ರ್ಯಾಂಕ್‌ಕೇಸಿಗೆ: ಪೆಟ್ರೋಲು ಮತ್ತು ಎಥನಾಲ್ ಎರಡನ್ನೂ ತಡೆಯುತ್ತದೆ ಎಂದು ತಯಾರಕರೇ ಹೇಳಿರುವ ಅನೆರೋಬಿಕ್ ಅಥವಾ ಅರೆ ಒಣಗುವ ಸೀಲೆಂಟ್. ಸಾದಾ ಸಿಲಿಕೋನ್ ಬೇಡ.

ನಾಲ್ಕು ಸ್ಟ್ರೋಕ್‌ಗೆ: ಅಂಚು ಚೊಕ್ಕವಿದ್ದರೆ ಅನೆರೋಬಿಕ್. ಅಲ್ಲಲ್ಲಿ ಗೀರಿದ್ದರೆ ಒಳ್ಳೆಯ ಆರ್‌ಟಿವಿ, ಅದೂ ತೆಳ್ಳಗೆ. ಆಯಿಲ್ ತೂತುಗಳ ಹತ್ತಿರ ಇನ್ನೂ ಜೋಪಾನ.

ಕಂಪನಿಯವರು ಪೇಪರ್ ಗ್ಯಾಸ್ಕೆಟ್ ಕೊಟ್ಟಿದ್ದ ಕಡೆ ಅದನ್ನು ಬಿಟ್ಟು ಬರೀ ಅಂಟು ಹಾಕಬೇಡಿ. ಗ್ಯಾಸ್ಕೆಟ್ ದಪ್ಪಕ್ಕೆ ತಕ್ಕಂತೆ ಒಳಗಿನ ಅಳತೆ ಇಟ್ಟಿರುತ್ತಾರೆ.

ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ. ಆ ಗಾಯವನ್ನು ಯಾವ ಅಂಟೂ ಮುಚ್ಚಲಾರದು. ಹಳೇ ಅಂಟನ್ನು ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆದು, ಥಿನ್ನರ್‌ನಿಂದ ಒರೆಸಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಆರಲು ಬಿಡಿ.

ಗ್ಯಾರೇಜಿನ ಆ ಮೆಕ್ಯಾನಿಕ್ ಕೊನೆಗೆ ಒಂದು ಪರೀಕ್ಷೆ ಮಾಡಿದರು. ಎಂಜಿನ್ನಿನ ಗಾಳಿ ಬರುವ, ಹೋಗುವ ಬಾಯಿಗಳನ್ನು ಮುಚ್ಚಿ, ಪಂಪಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಸಂದಿನ ಮೇಲೆ ಸೋಪಿನ ನೀರು ಬಳಿದರು. ಪಂಕ್ಚರ್ ನೋಡಿದ ಹಾಗೆ. ಒಂದು ಗುಳ್ಳೆಯೂ ಏಳಲಿಲ್ಲ. ಮುಳ್ಳು ನಿಂತ ಕಡೆ ನಿಂತಿತ್ತು.

1996ರ ನಂತರ ಮೈಸೂರಿನ ಆ ಕಾರ್ಖಾನೆಯಿಂದ ಹೊಸ ಕೇಸು ಬರುವುದಿಲ್ಲ. ಇರುವ ಹಳೇ ಎಂಜಿನ್‌ಗಳು ಉಳಿಯುವುದು ಬಿಚ್ಚುವವರ ಕೈಯಲ್ಲಿ. ನಿಮ್ಮ ಗಾಡಿ ಬಿಚ್ಚಿದ ದಿನ ಪಕ್ಕದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿ: "ಇದು ಪೆಟ್ರೋಲಿಗೆ ತಡೆಯುತ್ತಾ, ಅಣ್ಣಾ?" ಗೊತ್ತಿರುವ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.